ಮಳೆಗಾಲದಲ್ಲೂ ಅಂಟದ ಮುರುಗಲು ಪೆಪ್ಪರಮೆಂಟು

ಬೆಲ್ಲ ಹಾಕಿದ ಪೆಪ್ಪರಮೆಂಟು ಮಲೆನಾಡಿನ ಮಳೆಗೆ ನಿಲ್ಲುವುದಿಲ್ಲ ಅಂತ ನಮ್ಮ ಶಿರಸಿ ಕಡೆ ಎಲ್ಲರೂ ಹೇಳಿದ್ದರು. ಚಿಕ್ಕಿ ಮಾಡು, ಸುಮ್ನೆ ದುಡ್ಡು ಹಾಳು ಮಾಡಬೇಡ ಅಂದವರೇ ಜಾಸ್ತಿ. ಈ ಸಲ ಆಷಾಢದಲ್ಲಿ ಮಾಡಿದ್ದು ಚೌತಿ ಹೊತ್ತಿಗೂ ಡಬ್ಬಿಯಲ್ಲಿ ಗಲಗಲ ಅನ್ನುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಪಾಕ ಗೊತ್ತಿರುವವರಿಗೆ ಒಲೆ ಮುಂದಿನ ಕೆಲಸ ಹೇಳಬೇಕಾಗಿಲ್ಲ. ಕಾಟ ಕೊಟ್ಟಿದ್ದು ಹುಳಿ. ಮೊದಲು ಮುರುಗಲು, ಅಂದರೆ ಕೋಕಂ ಹಣ್ಣಿನ ರಸವನ್ನೇ ಸಕ್ಕರೆ ಜೊತೆ ಕುದಿಸುತ್ತಿದ್ದೆ. ಆರಿದಾಗ ಟಣ್ ಅಂತ ಮುರಿಯುತ್ತಿತ್ತು, ಮರುದಿನ ನೋಡಿದರೆ ಕಾಗದದ ಸಮೇತ ಅಂಟು. ಹುಳಿಯಲ್ಲಿ ಕುದ್ದ ಸಕ್ಕರೆ ಗಾಳಿಯ ತೇವ ಎಳೆದುಕೊಳ್ಳುವುದು ಹಾಗೆ. ಕೆಳಗಿಳಿಸಿ ರಸ ಹಾಕಿದರೆ ನೀರು ಸೇರಿ ಹಲ್ಲಿಗೆ ಹಿಡಿಯುವ ಮುದ್ದೆ. ಬರೀ ಬೆಲ್ಲದಲ್ಲಿ ಮಾಡಲು ಹೋದಾಗಂತೂ ಪಾಕ ಬರುವ ಮೊದಲೇ ತಳ ಹಿಡಿದು ಕಹಿ. ಹೀಗೆ ಹದಿನೈದು ಕೆ.ಜಿ. ಸಕ್ಕರೆ-ಬೆಲ್ಲವಾದರೂ ಹೋಗಿರಬೇಕು. ಒಂದು ಅಂಗಡಿಯವರು ಪೊಟ್ಟಣಗಳನ್ನೆಲ್ಲ ವಾಪಸ್ ಕಳಿಸಿದರು, ಸುಮಾರು ಎರಡು ಸಾವಿರ ಅಲ್ಲಿಗೇ ಮುಗಿಯಿತು. ಬಂದದ್ದನ್ನು ಕರಗಿಸಿ ಪಾನಕ ಮಾಡಿ ಕುಡಿದೆವು. ಪಾನಕ ಚೆನ್ನಾಗಿತ್ತು!

ದಾರಿ ಸಿಕ್ಕಿದ್ದು ಒಣ ಸಿಪ್ಪೆಯಲ್ಲಿ. ರಸದ ಬದಲು ಸಿಪ್ಪೆ ಪುಡಿ ಹಾಕಿದರೆ ನೀರಿನ ರಗಳೆಯೇ ಇಲ್ಲ ಅಲ್ವಾ? ಆದರೆ ಬಿಸಿಲಿಗೆ ಒಣಗಿಸಿದ ಮುರುಗಲು ಸಿಪ್ಪೆ ಎಷ್ಟು ಒಣಗಿದರೂ ಚರ್ಮದ ಥರ ಜಿಗುಟು, ಮಿಕ್ಸಿ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಅದನ್ನು ಗರಿಗರಿ ಮಾಡಿದ್ದು ಹೇಗೆ ಅಂತ ಪೂರ್ತಿ ಹೇಳುವುದಿಲ್ಲ. ಫ್ರಿಜ್ಜಿಗೂ ಸ್ವಲ್ಪ ಕೆಲಸ ಇದೆ, ಅಷ್ಟೇ.

ಈಗ ಎರಡು ಪಾಲು ಸಕ್ಕರೆಗೆ ಒಂದು ಪಾಲು ಬೆಲ್ಲ, ಹರಳುಗಟ್ಟದ ಹಾಗೆ ಸ್ವಲ್ಪ ಲಿಕ್ವಿಡ್ ಗ್ಲೂಕೋಸ್. ಉರಿ ಕೊನೆಗೆ ಸಣ್ಣ. ಥರ್ಮಾಮೀಟರ್ 146 ಡಿಗ್ರಿ ಸೆಲ್ಸಿಯಸ್ ಆಸುಪಾಸು ತೋರಿಸಿದಾಗ ಇಳಿಸುತ್ತೇನೆ. ಆ ಥರ್ಮಾಮೀಟರಿಗೆ ಆರುನೂರೋ ಏಳುನೂರೋ ಕೊಟ್ಟೆ, ಮೊದಲೇ ತಂದಿದ್ದರೆ ಅರ್ಧ ಸಕ್ಕರೆ ಉಳಿಯುತ್ತಿತ್ತು. ಪುಡಿಯನ್ನು ತಕ್ಷಣ ಹಾಕಬಾರದು. ನೊರೆ ಪೂರ್ತಿ ಇಳಿದು, ಸೌಟು ಎತ್ತಿದರೆ ಪಾಕ ದಪ್ಪ ಧಾರೆಯಾಗಿ ನಿಧಾನಕ್ಕೆ ಬೀಳಬೇಕು, ಆಗ ಪುಡಿ, ಕಾಳುಮೆಣಸು, ಚಿಟಿಕೆ ಉಪ್ಪು. ನಾಲ್ಕು ಸಲ ತಿರುವಿ ತಟ್ಟೆಗೆ ಸುರಿಯುವುದೇ. ತಟ್ಟೆಗೆ ನಾನು ಸವರುವುದು ಮುರುಗಲು ಬೀಜದ ತುಪ್ಪ. ಮನೆಯಲ್ಲಿ ಹಿಮ್ಮಡಿ ಒಡೆದದ್ದಕ್ಕೆ ಇಟ್ಟಿದ್ದು ಕಣ್ಣಿಗೆ ಬಿತ್ತು, ಹಚ್ಚಿ ನೋಡಿದೆ. ಎಣ್ಣೆ ಸವರಿದಷ್ಟು ಜಿಡ್ಡಾಗುವುದಿಲ್ಲ. ಆದರೆ ಹೊಸ ತುಪ್ಪವೇ ಬೇಕು, ಹಳೆಯದು ನಾರುತ್ತದೆ.

ಸುತ್ತುವುದಕ್ಕೆ ಇಬ್ಬರಾದರೂ ಬೇಕು. ಬಾಗಿಲು ಹಾಕಿ, ಬಿಸಿ ಆರುತ್ತಿದ್ದ ಹಾಗೇ ಸುತ್ತಿ ಡಬ್ಬಿಗೆ. ಹೊರಗೆ ಮಳೆ ಹೊಡೆಯುವಾಗ ಅರ್ಧ ಗಂಟೆ ತಡ ಮಾಡಿದರೂ ಮೈಯೆಲ್ಲ ಜಿಗುಟು.

ಮುರುಗಲಿನದೇ ಬಳಗದ ಹುಳಿಹಣ್ಣು ಉಪ್ಪಾಗೆಯಲ್ಲೂ ಮಾಡಿ ನೋಡಿದೆ. ಬೆಂಕಿಗೆ ಒಣಗಿಸಿದ್ದಾದ್ದರಿಂದ ಬರೀ ಹೊಗೆ ವಾಸನೆ. ಮೀನು ಸಾರಿಗೆ ಸರಿ, ಬಾಯಿಗೆ ಹಾಕಿಕೊಳ್ಳಲು ಅಲ್ಲ. ಶುಂಠಿಯದ್ದು ಪರವಾಗಿಲ್ಲ, ಅದನ್ನು ಎಲ್ಲರೂ ಮಾಡುತ್ತಾರೆ. ಮುರುಗಲಿನ ಮಜಾ ಬೇರೆ: ಮೊದಲು ಬೆಲ್ಲ, ಆಮೇಲೆ ಕೆನ್ನೆ ಒಳಗೆ ಜುಮ್ಮೆನ್ನುವ ಹುಳಿ, ಕರಗಿ ಮುಗಿಯುವಾಗ ಗಂಟಲಲ್ಲಿ ಮೆಣಸು. ಅಂಗಡಿಯ ಪೆಪ್ಪರಮೆಂಟು ನನಗೀಗ ರುಚಿಸುವುದೇ ಇಲ್ಲ.

ಗ್ಯಾಸು, ಕಾಗದ ಎಲ್ಲ ಸೇರಿ ಕಿಲೋಗೆ ನೂರೈವತ್ತರ ಹತ್ತಿರ ಬೀಳುತ್ತದೆ, ಕೂಲಿ ಬಿಟ್ಟು. 200 ಗ್ರಾಂ ಎಂಬತ್ತಕ್ಕೆ ಕೊಡುತ್ತೇನೆ. ಪೊಟ್ಟಣ ವಾಪಸ್ ಕಳಿಸಿದವರೇ ಈಗ ಮುಂಗಡ ಕೊಟ್ಟು ಹೋಗಿದ್ದಾರೆ. ಮಾಡಿ ನೋಡುವವರು ಸಿಪ್ಪೆಯನ್ನು ಏಪ್ರಿಲ್-ಮೇನಲ್ಲೇ ಒಣಗಿಸಿಡಿ. ಕೊಳ್ಳುವುದಾದರೆ ಉಪ್ಪು ಹಾಕದ್ದನ್ನೇ ಕೇಳಿ, ಉಪ್ಪಿನ ಸಿಪ್ಪೆ ಮಳೆ ಶುರುವಾದ ಕೂಡಲೇ ನೀರು ಬಿಡುತ್ತದೆ.