ತಾಯಿ ತೃಪ್ತಾ ಹೊದ್ದ ಬಿಳಿ ಓಢಣಿ: ಜನಮ್‌ಸಾಖಿ ಪುಟ ಬರೆದ ನನ್ನ ಅನುಭವ

ಮೈಸೂರು ಶೈಲಿಯಲ್ಲಿ ಪಳಗಿದ ಕೈಗೆ ಪಂಜಾಬಿನ ಜನಮ್‌ಸಾಖಿಯ, ಅಂದರೆ ಗುರುನಾನಕರ ಜೀವನಕಥೆಗಳ, ಚಿತ್ರಪುಟ ಒಲಿಯದು, ಗೋಂದು ಬೆರೆಸಿದ ಬಣ್ಣ ನಮ್ಮ ಮಳೆಗಾಲಕ್ಕೆ ನಿಲ್ಲದು ಎಂದು ಜೊತೆಯ ಕಲಾವಿದರೇ ಹೇಳಿದ್ದರು. ಬೀದರಿನ ಸಿಖ್ ಕುಟುಂಬವೊಂದಕ್ಕೆ ಬರೆದುಕೊಟ್ಟ ಪುಟ ಎರಡು ಮಳೆಗಾಲ ಕಳೆದರೂ ಎಲ್ಲಿಯೂ ಚಕ್ಕೆ ಎದ್ದಿಲ್ಲ.

ವರ್ಷಗಟ್ಟಲೆ ಸಂಚರಿಸಿ ಮರಳಿದ ಗುರುನಾನಕರು ಹುಟ್ಟೂರು ತಲವಂಡಿಯ ಹೊರಗೇ ಉಳಿಯುತ್ತಾರೆ. ಊರೊಳಗೆ ಹೋಗಿಬಂದ ಸಂಗಾತಿ ಮರ್ದಾನನ ಬೆನ್ನುಹತ್ತಿ ತಾಯಿ ತೃಪ್ತಾ ಸಿಹಿತಿಂಡಿ, ಬಟ್ಟೆ ಹಿಡಿದು ಬರುತ್ತಾರೆ. ನಾನು ಆರಿಸಿಕೊಂಡದ್ದು ಈ ಪ್ರಸಂಗವನ್ನು. ಪತ್ನಿ ಸುಲಖ್ಣಿಯನ್ನೂ ಮಕ್ಕಳಾದ ಶ್ರೀಚಂದ್, ಲಖ್ಮೀದಾಸರನ್ನೂ ಸೇರಿಸಿರೆಂದು ಮನೆಯವರು ಕೇಳಿದರು. ಈ ಸಾಖಿಯ (ಕಥೆಯ) ಕೇಂದ್ರ ತಾಯಿ-ಮಗನೇ ಆದ್ದರಿಂದ ನಾನು ಒಪ್ಪಲಿಲ್ಲ. ಗುರುಗಳ ಮುಖಕ್ಕೆ, ಬಿ-40 ಎಂದು ಹೆಸರಾದ 1733ರ ಜನಮ್‌ಸಾಖಿ ಹಸ್ತಪ್ರತಿಗೆ ಆಲಂಚಂದ್ ರಾಜ್ ಬರೆದ 57 ಚಿತ್ರಗಳೇ ನನಗೆ ಪಾಠಶಾಲೆ. ಬಾಲ್ಯದಿಂದ ಮುಪ್ಪಿನವರೆಗೆ ಗುರುಗಳ ವಯಸ್ಸು ಪುಟದಿಂದ ಪುಟಕ್ಕೆ ಏರುವುದನ್ನು ಅಲ್ಲಿ ಕಂಡೆ.

ಮೊದಲ ಮೂರು ಪುಟ ಹಾಳಾದವು. ಮೊದಲನೆಯದರಲ್ಲಿ, ಮೈಲುತುತ್ತ ಹಾಕದ ಮೈದಾ ಅಂಟಿನಿಂದ ಕಾಗದದ ಪದರ ಅಂಟಿಸಿ ಮಾಡಿದ ವಸ್ಲಿ ಹಾಳೆಗೆ ಬೂಷ್ಟು ಹಿಡಿಯಿತು. ಎರಡನೆಯದರಲ್ಲಿ ಗೋಂದು ಹೆಚ್ಚಾಗಿ ತಾಯಿಯ ತಲೆಯ ಮೇಲಿನ ಓಢಣಿಯ ಬಿಳುಪು ಕೆರೆಯ ಒಣಮಣ್ಣಿನಂತೆ ಸೀಳಿತು. ಮೂರನೆಯದರಲ್ಲಿ ಗೋಂದು ಕಡಿಮೆಯಾಗಿ ಬಣ್ಣ ಬೆರಳಿಗೇ ಬಂತು. ಸುಮಾರು ಒಂಬತ್ತು ಸಾವಿರ ರೂಪಾಯಿ ಹೀಗೆ ಕೈಬಿಟ್ಟಿತು. ಮುಂಗಡ ಕೊಟ್ಟಿದ್ದುದು ಐದು ಸಾವಿರ ಮಾತ್ರ.

ನಾಲ್ಕನೆಯ ಪುಟದಲ್ಲಿ ಸಫೇದವನ್ನು (ಬಿಳಿ ಬಣ್ಣವನ್ನು) ಹಾಲಿನ ಕೆನೆಗಿಂತ ತೆಳುವಾಗಿ ಆರೇಳು ಸಲ ಲೇಪಿಸಿ, ಪ್ರತಿ ಲೇಪ ಆರಿದ ಮೇಲೆ ಪುಟವನ್ನು ಗಾಜಿನ ಮೇಲೆ ಬೋರಲು ಹಾಕಿ, ಬೆನ್ನಿನಿಂದ ಅಕೀಕ್ ಕಲ್ಲಿನಲ್ಲಿ ಉಜ್ಜಿದೆ. ಗೋಂದಿನ ಅಳತೆಯನ್ನೂ ಅದಕ್ಕೆ ಬೆರೆಸುವ ಇನ್ನೊಂದು ವಸ್ತುವನ್ನೂ ಇಲ್ಲಿ ಹೇಳಲಾರೆ. ಅದು ನನ್ನ ಅನ್ನ. ಓಢಣಿಯೊಳಗಿಂದ ತಾಯಿಯ ಕಪ್ಪು ಕೂದಲು ಹೊಗೆಯಂತೆ ಕಾಣುವಷ್ಟು ತೆಳುವು ಬಂದಾಗ, ಅನುಮಾನಿಸಿದ ಗೆಳೆಯರೇ ಭೂತಗನ್ನಡಿ ಹಿಡಿದು ನೋಡಿದರು.

ಚಿತ್ರದ ಮರದ ಎಲೆಗಳ ಹಸಿರಿಗೆ ಬೇಕಾದ ಹರಿದಾಳ ಎಂಬ ಹಳದಿ ಖನಿಜ ವಿಷವೆಂದು ಹೆದರಿ, ಅದರ ಬದಲು ಅರಿಸಿನವನ್ನು ನೀಲಿಯೊಡನೆ ಬೆರೆಸಿ ಬೇರೊಂದು ತುಂಡಿನಲ್ಲಿ ಪರೀಕ್ಷಿಸಿದ್ದೆ. ಕಿಟಕಿಯ ಬಿಸಿಲಿಗೆ ಎರಡೇ ತಿಂಗಳಲ್ಲಿ ಹಳದಿ ಹಾರಿಹೋಗಿ ಎಲೆಗಳು ನೀಲಿಯಾದವು. ಕೊನೆಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹರಿದಾಳವನ್ನೇ ಅರೆದೆ.

ಒಟ್ಟು ಇಪ್ಪತ್ತೆರಡು ಸಾವಿರ ಕೈಗೆ ಬಂತು. ಅದೇ ಮನೆಯವರು ಈಗ, ಗುರುನಾನಕರು ಕೊನೆಯ ವರ್ಷಗಳಲ್ಲಿ ನೆಲೆಸಿದ ಕರ್ತಾರಪುರದ ಪುಟ ಕೇಳಿದ್ದಾರೆ. ಸುಲಖ್ಣಿಯೂ ಇಬ್ಬರು ಮಕ್ಕಳೂ ಅದರಲ್ಲಿ ಇರುತ್ತಾರೆ, ವಸ್ಲಿಯನ್ನು ಆಗಲೇ ಒಣಗಲು ಇಟ್ಟಿದ್ದೇನೆ.