ಕೌದಿಯ ಮರೆಯಲ್ಲಿ ಮುದ್ದಣನ ಓದು

ನನ್ನ ಸೋದರತ್ತೆ ಧಾರವಾಡದಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವರು. ಗ್ಲಾಕೋಮಾದಿಂದ ಕಣ್ಣು ಪೂರ್ತಿ ಹೋದ ಮೇಲೂ ಕಪಾಟಿನ ಮುಂದೆ ನಿಂತು ಪುಸ್ತಕಗಳನ್ನು ಬೆರಳಿನಿಂದ ಸವರುತ್ತ, “ಇದು ಮುದ್ದಣನದಲ್ಲವೇ?” ಎಂದು ಕೇಳುತ್ತಿದ್ದರು. ನಾನು ಓದಿ ಧ್ವನಿಮುದ್ರಿಸಲು ಶುರು ಮಾಡಿದ್ದು ಅವರೊಬ್ಬರಿಗಾಗಿ. ಅದನ್ನು ಎಲ್ಲರಿಗೂ ಉಚಿತವಾಗಿ ಹಂಚಬಹುದು ಎಂದು ತಿಳಿದದ್ದು ಲಿಬ್ರಿವಾಕ್ಸ್ ಬಗ್ಗೆ ಕೇಳಿದಾಗ. 2005ರಲ್ಲಿ ಮಾಂಟ್ರಿಯಲ್‌ನ ಹ್ಯೂ ಮೆಗೈರ್ ಆರಂಭಿಸಿದ ಈ ಯೋಜನೆಯಲ್ಲಿ ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನು ಸ್ವಯಂಸೇವಕರು ಓದುತ್ತಾರೆ. ತಮ್ಮ ಓದಿನ ಮೇಲಿನ ಹಕ್ಕನ್ನೂ ಬಿಟ್ಟುಕೊಡುತ್ತಾರೆ. ಯಾರು ಬೇಕಾದರೂ ಅದನ್ನು ನಕಲು ಮಾಡಬಹುದು, ಮಾರಲೂಬಹುದು. ಎರಡು ದಿನ ಯೋಚಿಸಿ ಒಪ್ಪಿದೆ. ಪುಸ್ತಕ ಓದಲಾಗದವರ ಕಿವಿಗೆ ತಲುಪಿದರೆ ಸಾಕು ಎನಿಸಿತು.

ಆರಿಸಿಕೊಂಡದ್ದು ‘ಶ್ರೀರಾಮಾಶ್ವಮೇಧಂ’ ಎಂಬ ಹಳಗನ್ನಡ ಗದ್ಯಕೃತಿ. ಮುದ್ದಣ, ಅಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪ, 1901ರಲ್ಲೇ ತೀರಿಕೊಂಡವರು. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಅದು ಎಂದೋ ಕಳೆದಿತ್ತು. ಆದರೂ ಇಲ್ಲೊಂದು ತೊಡಕಿದೆ. ನಮ್ಮ ಮನೆಯಲ್ಲಿದ್ದದ್ದು ಇತ್ತೀಚಿನ ಸಟೀಕಾ ಆವೃತ್ತಿ. ಅದರ ಮುನ್ನುಡಿಯ, ಟಿಪ್ಪಣಿಯ, ಶಬ್ದಾರ್ಥಗಳ ಹಕ್ಕು ಸಂಪಾದಕರದು. ಅವುಗಳಲ್ಲಿ ಒಂದು ಸಾಲನ್ನೂ ಓದುವಂತಿಲ್ಲ. ಹಳೆಯ ಮುದ್ರಣದ ಸ್ಕ್ಯಾನ್ ಪ್ರತಿಯನ್ನು ಮುಂದಿಟ್ಟುಕೊಂಡೇ ಓದಿದೆ. ಅರ್ಥ ತಿಳಿಯಲು ಮಾತ್ರ ಆ ಟಿಪ್ಪಣಿಗಳನ್ನು ನೋಡಿಕೊಂಡೆ.

ಸ್ಟುಡಿಯೋ ಎಂದರೆ ಒಳಕೋಣೆ. ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಅಜ್ಜಿ ಹೊಲಿದ ಎರಡು ಕೌದಿಗಳನ್ನು ಇಳಿಬಿಟ್ಟು, ಅವುಗಳ ನಡುವೆ ಮೈಕ್ ಇಟ್ಟುಕೊಂಡು ಕೂರುತ್ತೇನೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ ಗೋಡೆಯ ಮಾರ್ದನಿಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ದುಬಾರಿ ಮೈಕಿಗಿಂತ ನನಗೆ ಹೆಚ್ಚು ನೆರವಾದದ್ದು ಅದೇ. ಓದುವುದು ಬೆಳಗಿನ ನಾಲ್ಕೂವರೆಯಿಂದ ಆರರವರೆಗೆ, ಹಾಲಿನವನ ಗಾಡಿ ಬರುವ ಮೊದಲು. ಫ್ಯಾನ್ ಆರಿಸಿ, ಐದಾರು ಸೆಕೆಂಡು ಸುಮ್ಮನೆ ಕುಳಿತು ಕೋಣೆಯ ಮೌನವನ್ನು ಮುದ್ರಿಸಿಕೊಳ್ಳುತ್ತೇನೆ. ಹಿನ್ನೆಲೆಯ ಸದ್ದನ್ನು ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ತಗ್ಗಿಸಲು ಆ ಮೌನದ ಮಾದರಿ ಬೇಕು. ತಪ್ಪಿದರೆ ನಿಲ್ಲಿಸುವುದಿಲ್ಲ. ಜೋರಾಗಿ ಒಂದು ಚಪ್ಪಾಳೆ ತಟ್ಟಿ ಆ ವಾಕ್ಯವನ್ನು ಮೊದಲಿನಿಂದ ಓದುತ್ತೇನೆ. ಪರದೆಯ ಮೇಲೆ ಚಪ್ಪಾಳೆ ಎತ್ತರದ ಗೆರೆಯಾಗಿ ನಿಲ್ಲುವುದರಿಂದ ತಪ್ಪನ್ನು ಹುಡುಕುತ್ತ ಕೂರಬೇಕಿಲ್ಲ. ಈ ತಾಂತ್ರಿಕ ಕೆಲಸವನ್ನೆಲ್ಲ ಒಂದು ಸಂಜೆಯಲ್ಲಿ ಕಲಿಯಬಹುದು.

ಕಲಿಯಲು ತಿಂಗಳುಗಳೇ ಹಿಡಿದದ್ದು ಓದು. ಕೃತಿ ಮಳೆಗಾಲದಲ್ಲಿ ತೆರೆದುಕೊಳ್ಳುತ್ತದೆ. ಬೇಸರ ಕಳೆಯಲು ಕತೆ ಹೇಳೆಂದು ಮನೋರಮೆ ತನ್ನ ಗಂಡ ಮುದ್ದಣನನ್ನು ಕೇಳುತ್ತಾಳೆ. ನಾನು ಆ ಭಾಗ ಓದಿದ್ದೂ ಜುಲೈ ತಿಂಗಳಲ್ಲಿ. ಹಿತ್ತಿಲ ತಗಡಿನ ಮೇಲೆ ಬಿದ್ದ ಮಳೆ ಒಂದು ವಾರದ ಓದನ್ನೆಲ್ಲ ನುಂಗಿತು. ಸಂದರ್ಭಕ್ಕೆ ಒಪ್ಪುವ ಮಳೆಯೇ ಆದರೂ ಮಾತು ಕೇಳಿಸಬೇಕಲ್ಲ, ಎಲ್ಲವನ್ನೂ ಅಳಿಸಿದೆ.

ಮೊದಮೊದಲು ಮನೋರಮೆಗೆ ಒಂದು ದನಿ, ಮುದ್ದಣನಿಗೆ ಒಂದು ದನಿ ಎಂದು ಪ್ರಯತ್ನಿಸಿದೆ. ಅತ್ತೆ ಅರ್ಧ ಪುಟ ಕೇಳಿ ಮೊಬೈಲನ್ನು ಮಡಿಲಲ್ಲಿಟ್ಟುಕೊಂಡರು. “ನಾಟಕ ಬೇಡ. ಅವಳು ಬೇಗ ಮಾತಾಡುತ್ತಾಳೆ, ಅವನು ನಿಧಾನ. ಅಷ್ಟು ಸಾಕು, ಯಾರು ಅನ್ನುವುದು ತಿಳಿಯುತ್ತದೆ.” ಆಮೇಲೆ ಕತ್ತು ಓರೆ ಮಾಡಿ ಇನ್ನೊಮ್ಮೆ ಕೇಳಿದರು. “ಪದ್ಯಂ ಏನು ಅಂದೆ? ವದ್ಯವೋ, ವಧ್ಯವೋ?” ನನ್ನ ಬಾಯಲ್ಲಿ ಮಹಾಪ್ರಾಣ ಜಾರಿತ್ತು. ಪದ್ಯ ಬೇಡ, ಗದ್ಯವೇ ಹಿತ ಎಂದು ಮನೋರಮೆ ಹೇಳುವ ‘ಪದ್ಯಂ ವಧ್ಯಂ, ಗದ್ಯಂ ಹೃದ್ಯಂ’ ಎನ್ನುವ ಮಾತಿನಲ್ಲಿ ‘ಧ’ ತಪ್ಪಿದರೆ ಕೊಲ್ಲತಕ್ಕದ್ದು ಎಂಬ ಅರ್ಥವೇ ಹೋಗುತ್ತದೆ. ಮಧ್ಯಾಹ್ನ ಆ ಒಂದು ಪದವನ್ನು ಓದಿ ಅಲ್ಲಿ ಕೂರಿಸಿದೆ. ಬೆಳಗಿನ ದನಿಗೂ ಮಧ್ಯಾಹ್ನದ ದನಿಗೂ ಹೊಂದಲಿಲ್ಲ, ಹರಿದ ಬಟ್ಟೆಗೆ ಬೇರೆ ಬಣ್ಣದ ತೇಪೆ ಹಾಕಿದ ಹಾಗಾಯಿತು. ಮರುದಿನ ಬೆಳಿಗ್ಗೆ ಇಡೀ ಸಂಭಾಷಣೆಯನ್ನು ಮತ್ತೆ ಓದಿದೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅದರ ಬೆನ್ನಿಗೇ ಬರುವ ‘ಸ್ವಸ್ತಿ’ ಎಂದು ಶುರುವಾಗುವ ಸಂಸ್ಕೃತದ ಉದ್ದನೆಯ ಸಮಾಸ. ಕೇಳುವವರಿಗೆ ತಿಳಿಯಲಿ ಎಂದು ಅದನ್ನು ಬಿಡಿಸಿ, ಪದಪದಕ್ಕೂ ನಿಂತು, ಸ್ಪಷ್ಟವಾಗಿ ಓದಿದ್ದೆ. ನನಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು. ಅತ್ತೆ ಒಪ್ಪಲಿಲ್ಲ. “ನೀನು ಇಷ್ಟು ಸಲೀಸಾಗಿ ಓದಿದರೆ ಮನೋರಮೆ ಯಾಕೆ ತಡೆಯುತ್ತಾಳೆ? ನೀರಿಳಿಯದ ಗಂಟಲಿನಲ್ಲಿ ಕಡುಬು ತುರುಕಿದ ಹಾಗಾಯಿತು ಅನ್ನುತ್ತಾಳಲ್ಲ, ನಮ್ಮ ಗಂಟಲಿಗೂ ಆ ಕಡುಬು ಸಿಗಬೇಕು.”

ಹೌದಲ್ಲ! ಮುದ್ದಣ ತನ್ನ ಗದ್ಯದೊಳಗೇ ಕೇಳುವವಳೊಬ್ಬಳನ್ನು ಕೂರಿಸಿದ್ದಾನೆ. ಅವಳಿಗೆ ಎಲ್ಲಿ ಉಸಿರು ಕಟ್ಟುತ್ತದೆಯೋ ಅಲ್ಲಿ ಓದುವವರಿಗೂ ಕಟ್ಟಬೇಕು. ಕಣ್ಣಿನಲ್ಲಿ ಎಷ್ಟೋ ಸಲ ಓದಿದ್ದರೂ ನನಗೆ ಇದು ಹೊಳೆದಿರಲಿಲ್ಲ. ಹತ್ತೋ ಹನ್ನೆರಡೋ ಸಲ ಓದಿದೆ. ಕೊನೆಗೆ ಒಂದೇ ಉಸಿರಿನಲ್ಲಿ ಎಳೆದು, ಉಸಿರು ಮುಗಿಯುವ ಹೊತ್ತಿಗೆ ಸರಿಯಾಗಿ ಮನೋರಮೆಯ ತಡೆ ಬರುವಂತೆ ಓದಿದ್ದನ್ನು ಉಳಿಸಿಕೊಂಡೆ. ಅದಕ್ಕೆ ಹಿನ್ನೆಲೆಯ ಸದ್ದು ತಗ್ಗಿಸಿದೆನೇ ಹೊರತು ನನ್ನ ಉಸಿರಿನ ಸದ್ದನ್ನು ಅಳಿಸಲಿಲ್ಲ.

ಒಂದು ಗಂಟೆಯ ಓದು ಸಿದ್ಧವಾಗಲು ನನಗೆ ನಾಲ್ಕೈದು ಗಂಟೆ ಬೇಕಾಗುತ್ತದೆ. ಅದರಲ್ಲಿ ಪುಸ್ತಕ ಹಿಡಿದು ಸಾಲುಸಾಲು ತಾಳೆ ನೋಡುವವರ ಸಮಯ ಸೇರಿಲ್ಲ. ಲಿಬ್ರಿವಾಕ್ಸ್‌ನಲ್ಲಿ ಆ ಕೆಲಸವನ್ನೂ ಸ್ವಯಂಸೇವಕರೇ ಮಾಡುತ್ತಾರೆ. ಕನ್ನಡ ಓದುವವರಿಗಿಂತ ಹೀಗೆ ಕೇಳಿ ತಿದ್ದುವವರ ಅಗತ್ಯ ನಮಗೆ ಹೆಚ್ಚಾಗಿದೆ. ದನಿ ಚೆನ್ನಾಗಿಲ್ಲ ಎಂದು ಹಿಂಜರಿಯುವವರು ದಯವಿಟ್ಟು ಇದಕ್ಕೆ ಬನ್ನಿ, ಇದಕ್ಕೆ ಒಳ್ಳೆಯ ಕಿವಿ ಮತ್ತು ತಾಳ್ಮೆ ಇದ್ದರೆ ಆಯಿತು.

ಇನ್ನೂ ಅರ್ಧ ಪುಸ್ತಕ ಬಾಕಿ ಇದೆ. ಮನೆಯ ನಿಯಮ ಈಗ ಹೀಗಿದೆ: ಬೆಳಿಗ್ಗೆ ಓದು, ಮಧ್ಯಾಹ್ನ ಊಟವಾದ ಮೇಲೆ ಅತ್ತೆಯ ಕೇಳ್ಮೆ. ತಪ್ಪು ಸಿಕ್ಕಲ್ಲಿ ಅವರು ಏನೂ ಹೇಳುವುದಿಲ್ಲ, ಒಂದು ಚಪ್ಪಾಳೆ ತಟ್ಟುತ್ತಾರೆ.