ಶಟಲ್ ಎಡಕ್ಕೆ ಬಂದಾಗ

ಕಾಸರಗೋಡಿನ ಬದಿಯಡ್ಕದ ಹತ್ತಿರ, ನಮ್ಮ ಊರಲ್ಲಿ ಶೀಟು ಹಾಕಿದ ಒಂದು ಶಟಲ್ ಬ್ಯಾಡ್ಮಿಂಟನ್ ಕೋರ್ಟ್ ಇದೆ. ಜೋರು ಮಳೆ ಬಂದರೆ ಸ್ಕೋರ್ ಕೂಗಿದ್ದೂ ಕೇಳಿಸುವುದಿಲ್ಲ. ಆರು ವರ್ಷ ಅಲ್ಲಿ ವಾರಕ್ಕೆ ನಾಲ್ಕು ದಿನ ಆಡಿದೆ. ಬೆವರು ಬಂತು, ಆಟ ಮಾತ್ರ ಇದ್ದಲ್ಲೇ ಇತ್ತು.

ನನ್ನ ಸ್ಮ್ಯಾಶ್ ಜೋರು. ಬ್ಯಾಕ್‌ಹ್ಯಾಂಡ್, ಅಂದರೆ ಬಲಗೈಯವನು ಎಡಕ್ಕೆ ಬಂದದ್ದನ್ನು ಕೈಯ ಹಿಂಬದಿ ಮುಂದಾಗಿ ಹೊಡೆಯುವುದು, ಅದನ್ನು ಕೇಳಬೇಡಿ. ಎದುರಿನವರು ಮಲಯಾಳದಲ್ಲೋ ತುಳುವಿನಲ್ಲೋ ಏನೇ ಗುಸುಗುಸು ಮಾಡಲಿ, ಮುಂದಿನ ಶಟಲ್ ನನ್ನ ಎಡಮೂಲೆಗೇ. ನಾನು ಸುತ್ತಿ ಹೋಗಿ ಅದನ್ನೂ ಅಂಗೈ ಮುಂದಾಗಿ, ಫೋರ್‌ಹ್ಯಾಂಡಿನಲ್ಲೇ ಹೊಡೆಯುತ್ತಿದ್ದೆ. ಆಗ ಬಲಗಡೆ ಪೂರ್ತಿ ಖಾಲಿ. ಡಬಲ್ಸ್‌ನಲ್ಲಿ ಪಾರ್ಟ್ನರ್ ನೋಡಿಕೊಳ್ಳುತ್ತಾರೆ, ಸಿಂಗಲ್ಸ್‌ನಲ್ಲಿ ಯಾರು? ಕಳೆದ ಮಳೆಗಾಲ ಒಬ್ಬ ಪ್ಲಸ್ ಟು ಹುಡುಗ ನನ್ನನ್ನು 21-6ರಲ್ಲಿ ಸೋಲಿಸಿದ. ನೀರು ಕುಡಿಯುತ್ತಾ ಕೇಳಿದ, "ಮಾಷ್ಟ್ರೇ, ಎಡಗಡೆ ಬಂದ್ರೆ ನೀವು ಎಂತಕ್ಕೆ ಓಡುದು?"

ಹಿಡಿತವನ್ನು ಅವನೇ ತಿದ್ದಿದ. ನಾನು ಎರಡೂ ಕಡೆಗೆ ಒಂದೇ ಹಿಡಿತ ಹಿಡಿಯುತ್ತಿದ್ದೆ. ಅದೂ ಕತ್ತಿ ಹಿಡಿದ ಹಾಗೆ ಬಿಗಿಯಾಗಿ. ಬ್ಯಾಕ್‌ಹ್ಯಾಂಡಿನಲ್ಲಿ, ಮುಂದೆ ಬಂದ ಶಟಲ್‌ಗೆ ಹೆಬ್ಬೆರಳು ರಾಕೆಟ್ ಹಿಡಿಯ ಅಗಲದ ಬದಿಯ ಮೇಲೆ ಕೂರಬೇಕು. ನಮ್ಮ ದೇಹದ ಹಿಂದಕ್ಕೆ ಹೋದದ್ದಕ್ಕೆ ಸ್ವಲ್ಪ ಪಕ್ಕದ ಅಂಚಿಗೆ ಸರಿಯಬೇಕು. ಬೆರಳು ಸಡಿಲ ಇರಬೇಕು, ಶಟಲ್ ತಾಗುವ ಕ್ಷಣಕ್ಕೆ ಮಾತ್ರ ಬಿಗಿ. ಕೇಳಲಿಕ್ಕೆ ಸುಲಭ, ಅಲ್ವಾ?

ಮನೆಯಲ್ಲಿ ಅಡಿಕೆ ತುಂಬಿಡುವ ಕೊಟ್ಟಿಗೆಯ ಗೋಡೆಗೆ ಹೊಡೆಯಲು ಶುರು ಮಾಡಿದೆ. ಗರಿಯ ಶಟಲ್ ಗೋಡೆಗೆ ತಡೆಯುವುದಿಲ್ಲ, ಹಳೆ ನೈಲಾನ್ ಶಟಲ್ ಸಾಕು. ಮೊದಲ ದಿನ ಸತತ ಹತ್ತು ಹೊಡೆಯಲಿಕ್ಕೂ ಆಗಲಿಲ್ಲ. ಮೂರು ವಾರದಲ್ಲಿ ಹಿಡಿತ ಬದಲಾಯಿಸುವುದು ಕೈಗೆ ಬಂತು. ಆದರೆ ಗೋಡೆ ಕಲಿಸುವುದು ಅಷ್ಟೇ. ಕೋರ್ಟಿಗೆ ಹೋದರೆ ಹಿಂದಿನ ಮೂಲೆಯಲ್ಲಿ ಮತ್ತೆ ಅದೇ ಕಥೆ.

ಆಮೇಲೆ ಅಕ್ಕನ ಮಗ ಬಂದ. ಅಡಿಕೆ ಹೆಕ್ಕುವ ಕುಕ್ಕೆಯಲ್ಲಿ ಶಟಲ್ ತುಂಬಿಕೊಂಡು ಒಂದೊಂದಾಗಿ ಎಡಮೂಲೆಗೆ ಎಸೆಯುತ್ತಿದ್ದ. ಕುಕ್ಕೆ ಖಾಲಿಯಾದರೆ ಇಬ್ಬರೂ ಹೆಕ್ಕಬೇಕು. ಎರಡನೇ ದಿನವೇ ಅವನು ಹೇಳಿದ, "ಮಾವ, ನಿಮ್ಮ ಕೈ ಅಲ್ಲ, ಕಾಲು." ಸರಿಯೇ. ಬಲಗೈ ಆಟಗಾರನ ಕೊನೆಯ ಹೆಜ್ಜೆ ಬಲಗಾಲಿನದ್ದು ಆಗಬೇಕು, ಬೆನ್ನು ನೆಟ್ ಕಡೆ ತಿರುಗಬೇಕು. ನಾನು ಎಡಗಾಲು ಊರಿ ಸುಮ್ನೆ ಕೈ ಚಾಚುತ್ತಿದ್ದೆ. ನನಗೆ ಬ್ಯಾಕ್‌ಹ್ಯಾಂಡ್ ಬರುವುದಿಲ್ಲ ಅಂದುಕೊಂಡದ್ದರಲ್ಲಿ ಅರ್ಧ, ಶಟಲ್ ಹತ್ತಿರ ತಡವಾಗಿ ಮುಟ್ಟುತ್ತಿದ್ದದ್ದು. ಕಾಲು ಸರಿಯಾದ ಮೇಲೆ ಮೊಣಕೈ ಎತ್ತಿ ಮುಂಗೈ ತಿರುಗಿಸಲು ಜಾಗ ಸಿಕ್ಕಿತು.

ಒಂದು ತಿಂಗಳು ಸಿಂಗಲ್ಸ್‌ನಲ್ಲಿ ಸುತ್ತಿ ಹೋಗುವುದನ್ನು ಪೂರ್ತಿ ಬಿಟ್ಟೆ. ಬಂದವರಿಗೆಲ್ಲ ಸೋತೆ. "ಮಾಷ್ಟ್ರಿಗೆ ಪ್ರಾಯ ಆಯ್ತು" ಅಂತ ಮಾತೂ ಬಂತು. ಡಬಲ್ಸ್‌ನಲ್ಲಿ ಈ ಪ್ರಯೋಗ ಮಾಡಬೇಡಿ. ನಾನು ಮಾಡಿದೆ, ಪಾರ್ಟ್ನರ್ ಎರಡು ದಿನ ಮಾತಾಡಲಿಲ್ಲ.

ಸುತ್ತಿ ಹೊಡೆಯುವುದು ತಪ್ಪು ಅಂತಲ್ಲ. ಸಮಯ ಇದ್ದರೆ ಚೆನ್ನಾಗಿ ಆಡುವವರೂ ಹಾಗೇ ಹೊಡೆಯುತ್ತಾರೆ. ನನ್ನ ಹತ್ತಿರ ಬೇರೆ ದಾರಿಯೇ ಇರಲಿಲ್ಲ, ತೊಂದರೆ ಅದು. ಈಗಲೂ ನನ್ನ ಬ್ಯಾಕ್‌ಹ್ಯಾಂಡ್ ಕ್ಲಿಯರ್ (ಎತ್ತರಕ್ಕೆ, ದೂರಕ್ಕೆ ಹೊಡೆಯುವುದು) ಆ ಕಡೆಯ ಹಿಂದಿನ ಗೆರೆ ಮುಟ್ಟುವುದಿಲ್ಲ. ಅದಕ್ಕೆ ನೆಟ್ ದಾಟಿದ ಕೂಡಲೇ ಬೀಳುವ ಡ್ರಾಪನ್ನೇ ಜಾಸ್ತಿ ಹಾಕುತ್ತೇನೆ.

ಹೋದ ವಾರ ಅದೇ ಹುಡುಗ 21-15ರಲ್ಲಿ ಗೆದ್ದ. ಮೊದಲು ನಾಲ್ಕೈದು ಶಟಲ್ ಎಡಕ್ಕೆ ಹಾಕಿದ, ಎಲ್ಲ ವಾಪಸ್ ಹೋದವು. ಆಮೇಲೆ ನೆಟ್ ಹತ್ತಿರ ಬಲಮೂಲೆಗೆ ಹಾಕತೊಡಗಿದ. ಅಲ್ಲಿಗೆ ಬಗ್ಗಲು ನನ್ನ ಮೊಣಕಾಲು ಒಪ್ಪಬೇಕಲ್ಲ!